ಆಕಾಶದಿಂದ ಕಂಡ ಬೇಲಿ

(ನಮ್ಮ ಕಡೆಯ ಒಂದು ಹೈಸ್ಕೂಲಿನ ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ ಮಾತಾಡಿದ್ದರ ಬರಹ ರೂಪ ಇದು. ಅಲ್ಲಿ ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ. ನಡುವೆ ಕರೆಂಟು ಹೋಗಿ ಹತ್ತು ನಿಮಿಷ ಚಿತ್ರಗಳಿಲ್ಲದೆ ಮಾತಾಡಬೇಕಾಯಿತು. ನಿಜ ಹೇಳಬೇಕೆಂದರೆ ಆ ಭಾಗವೇ ಚೆನ್ನಾಗಿ ಬಂದಿತ್ತು.)

ಎಲ್ಲರಿಗೂ ನಮಸ್ಕಾರ.

ಒಂದು ಬೇಲಿ ಜಗಳದಿಂದ ಶುರು ಮಾಡುತ್ತೇನೆ. ಹೋದ ವರ್ಷ ಬೇಸಿಗೆಯಲ್ಲಿ ನಮ್ಮ ಭಾವ ಫೋನ್ ಮಾಡಿದರು. "ಮಾರಾಯಾ, ನೀನು ಅದೇ ಸ್ಯಾಟಲೈಟ್ ಚಿತ್ರದ ಕೆಲಸ ಮಾಡಿದವನಲ್ವಾ? ಒಂದ್ಸಲ ಬಂದು ಹೋಗು" ಅಂದರು. ದನಿಯಲ್ಲೇ ಗೊತ್ತಾಯಿತು, ಇದು ಊಟಕ್ಕೆ ಕರೆಯುವ ಫೋನ್ ಅಲ್ಲ ಅಂತ.

ಅವರ ಮನೆಯ ಹಿಂದೆ ಒಂದು ಗುಡ್ಡ. ಅದರ ನೆತ್ತಿಯ ಮೇಲೆ ಗೊಬ್ಬರದ ಗಿಡದ ಬೇಲಿ. ಬೇಲಿಯಿಂದ ಪಶ್ಚಿಮಕ್ಕೆ ಭಾವನ ಜಾಗ, ಪೂರ್ವಕ್ಕೆ ಪಕ್ಕದ ಮನೆಯವರದು. ಮೂವತ್ತು ವರ್ಷದಿಂದ ಯಾರೂ ಕೇಳದ ಬೇಲಿ ಅದು. ಪಕ್ಕದ ಮನೆಯ ಹುಡುಗ ಬೆಂಗಳೂರಿನಲ್ಲಿ ಓದುತ್ತಾನೆ. ರಜಕ್ಕೆ ಬಂದವನು ಫೋನಿನಲ್ಲಿ ಹಳೆಯ ಉಪಗ್ರಹ ಚಿತ್ರ ಒಂದು, ಹೊಸದೊಂದು, ಎರಡನ್ನೂ ತೆಗೆದು ಹೋಲಿಸಿದ್ದಾನೆ. ಹಳೆಯ ಚಿತ್ರದ ಬೇಲಿಯ ಮೇಲೆ ಹಳದಿ ಗೆರೆ ಎಳೆದಿದ್ದಾನೆ. ಅದೇ ಗೆರೆಯನ್ನು ಹೊಸ ಚಿತ್ರದ ಮೇಲೆ ಇಟ್ಟರೆ, ಬೇಲಿ ಗೆರೆಯಿಂದ ಒಂಬತ್ತೂವರೆ ಮೀಟರ್ ಪೂರ್ವಕ್ಕೆ ಹೋಗಿ ಕೂತಿದೆ. ಮೂವತ್ತು ಅಡಿಗಿಂತ ಜಾಸ್ತಿ! ಸುಮ್ನೆ ಇರ್ತಾರಾ? "ನೀವು ರಾತ್ರೋರಾತ್ರಿ ಬೇಲಿ ಸರಿಸಿದ್ದೀರಿ, ಉಪಗ್ರಹವೇ ಹೇಳ್ತಾ ಇದೆ" ಅಂತ ಶುರುವಾಯಿತು.

ಭಾವ ಬೇಲಿ ಸರಿಸಿರಲಿಲ್ಲ. ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ಚಿತ್ರವೂ ನಕಲಿಯಲ್ಲ. ಹಾಗಾದರೆ ಆ ಮೂವತ್ತು ಅಡಿ ಎಲ್ಲಿಂದ ಬಂತು? ಇವತ್ತಿನ ಮಾತೆಲ್ಲ ಅದರ ಬಗ್ಗೆಯೇ. ಉತ್ತರ ಮಾತ್ರ ಸ್ವಲ್ಪ ದೂರದಿಂದ ಬರಬೇಕು. ನಿಖರವಾಗಿ ಹೇಳಬೇಕೆಂದರೆ ಆರುನೂರು ಕಿಲೋಮೀಟರ್ ಮೇಲಿಂದ.

ಉಪಗ್ರಹ ಹೇಗೆ ಫೋಟೋ ತೆಗೆಯುತ್ತದೆ ಅಂತ ಕೇಳಿದಾಗ ಮುಂದಿನ ಬೆಂಚಿನ ಹುಡುಗನೊಬ್ಬ "ಕ್ಲಿಕ್" ಅಂತ ಬೆರಳಿನಲ್ಲಿ ಮಾಡಿ ತೋರಿಸಿದ. ನಾವೆಲ್ಲ ಅಂದುಕೊಂಡಿರುವುದೂ ಅದೇ. ಹಾಗೆ ಕ್ಲಿಕ್ ಮಾಡಿದ ಭೂಮಿಯ ಚಿತ್ರ ಇಲ್ಲವೆಂದಲ್ಲ. 1972ರ ಡಿಸೆಂಬರ್ 7ರಂದು ಅಪೊಲೊ 17ರಲ್ಲಿ ಚಂದ್ರನ ಕಡೆ ಹೊರಟಿದ್ದವರು ಸುಮಾರು 29,000 ಕಿ.ಮೀ. ದೂರದಿಂದ ಹ್ಯಾಸೆಲ್‌ಬ್ಲಾಡ್ ಕ್ಯಾಮೆರಾದಲ್ಲಿ ತೆಗೆದದ್ದು ಅಂಥದ್ದೇ. ಆಫ್ರಿಕಾ, ಅರೇಬಿಯಾ, ಕೆಳಗೆ ಬಿಳಿಯ ಅಂಟಾರ್ಕ್ಟಿಕಾ ಕಾಣುವ ಆ ನೀಲಿ ಗೋಲಿ ಚಿತ್ರ ನೀವೆಲ್ಲ ನೋಡಿದ್ದೀರಿ. ಅದು ಕೈಯಲ್ಲಿ ಹಿಡಿದ ಕ್ಯಾಮೆರಾ, ನಿಜವಾದ ಫಿಲ್ಮು, ನಿಜವಾದ ಕ್ಲಿಕ್. ಆದರೆ ಮೂಲ ಫ್ರೇಮಿನಲ್ಲಿ ದಕ್ಷಿಣ ಧ್ರುವ ಮೇಲಿತ್ತು. ಜನರಿಗೆ ತಲೆಕೆಳಗಾಗಿ ಕಾಣುತ್ತದೆ ಅಂತ ಅಚ್ಚು ಹಾಕುವಾಗ ತಿರುಗಿಸಿದರು. ಅಷ್ಟು ಅಪ್ಪಟ ಚಿತ್ರಕ್ಕೂ ಒಂದು ಕೈ ಬಿದ್ದಿದೆ ನೋಡಿ.

ನಿಮ್ಮ ಫೋನಿನಲ್ಲಿ ತೋಟ, ಮನೆ, ಕೆರೆ ಕಾಣುವ ಚಿತ್ರ ಇದೆಯಲ್ಲ, ಅದು ಕ್ಲಿಕ್ ಅಲ್ಲ. ಅದು ಜೆರಾಕ್ಸ್.

ಜೆರಾಕ್ಸ್ ಅಂಗಡಿಯಲ್ಲಿ ಮುಚ್ಚಳ ತೆಗೆದೇ ಕಾಪಿ ಮಾಡುವುದನ್ನು ನೋಡಿದ್ದೀರಿ. ಗಾಜಿನ ಕೆಳಗೆ ಒಂದು ಬೆಳಕಿನ ಪಟ್ಟಿ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಒಂದು ಗಳಿಗೆಯಲ್ಲಿ ಒಂದೇ ಒಂದು ಸಾಲು ಓದುತ್ತದೆ. ಸಾಲಿನ ಪಕ್ಕ ಸಾಲು ಸೇರಿ ಪುಟ ಆಗುತ್ತದೆ. ಬೆಳಕು ಹೋಗುತ್ತಿರುವಾಗ ಆಧಾರ್ ಕಾರ್ಡನ್ನು ಬೆರಳಿನಿಂದ ಸ್ವಲ್ಪ ಪಕ್ಕಕ್ಕೆ ಎಳೆಯಿರಿ. ಕಾಪಿಯಲ್ಲಿ ಅಕ್ಷರಗಳು ಗಾಳಿಗೆ ಬಾಗಿದ ಭತ್ತದ ಹಾಗೆ ಓರೆಯಾಗುತ್ತವೆ. ಮುಖ ಅರ್ಧ ಸೌತೆಕಾಯಿಯಾಗುತ್ತದೆ. ಅಂಗಡಿಯವನು ಬೈಯುತ್ತಾನೆ, ಅದು ಬೇರೆ.

ಉಪಗ್ರಹದ ಕ್ಯಾಮೆರಾದಲ್ಲಿಯೂ ಬೆಳಕು ಗ್ರಹಿಸುವ ಸಣ್ಣ ಸಣ್ಣ ಕಣ್ಣುಗಳು ಒಂದೇ ಸಾಲಿನಲ್ಲಿ ಇರುತ್ತವೆ. ಮುಂದಕ್ಕೆ ಚಲಿಸುವುದು ಉಪಗ್ರಹ. ಅದು ಹೋದ ಹಾಗೆ ಕೆಳಗಿನ ನೆಲ ಸಾಲು ಸಾಲಾಗಿ ದಾಖಲಾಗುತ್ತದೆ. ಅಂಗಳಕ್ಕೆ ಅಗಲವಾದ ಪೊರಕೆ ಒತ್ತಿ ಮುಂದೆ ತಳ್ಳಿಕೊಂಡು ಹೋದ ಹಾಗೆ.

ನಮ್ಮ ದೇಶದ ಐಆರ್‌ಎಸ್-1ಎ ಹೀಗೆಯೇ ಕೆಲಸ ಮಾಡಿತ್ತು. 1988ರ ಮಾರ್ಚ್ 17ರಂದು ಆಗಿನ ಸೋವಿಯತ್ ಒಕ್ಕೂಟದ ಬೈಕೊನೂರಿನಿಂದ ಹಾರಿದ್ದು. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಉಡುಪಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್. ಅದರ ಒಂದು ಕ್ಯಾಮೆರಾದ ಸಾಲಿನಲ್ಲಿ 2,048 ಕಣ್ಣುಗಳು. ಒಂದೊಂದು ಕಣ್ಣಿಗೆ ನೆಲದ 72.5 ಮೀಟರ್ ಅಗಲದ ತುಂಡು. ಗುಣಿಸಿ ನೋಡಿ, ಸುಮಾರು 148 ಕಿ.ಮೀ. ಅಗಲದ ಪಟ್ಟಿ ಒಂದೇ ಸಲಕ್ಕೆ ಬರುತ್ತದೆ. ಒಂದು ಕಣ್ಣು ನೋಡಿದ ತುಂಡು ಚಿತ್ರದಲ್ಲಿ ಒಂದು ಚುಕ್ಕೆ. ನಮ್ಮ ಲೆಕ್ಕಕ್ಕೆ ತಂದರೆ ಒಂದು ಚುಕ್ಕೆ ಅಂದರೆ 1 ಎಕರೆ 12 ಗುಂಟೆ. ಆ ಜಾಗದಲ್ಲಿ ಮನೆ, ಬಾವಿ, ಅಡಿಕೆ ಮರ, ಸಗಣಿ ಗುಂಡಿ ಏನೇ ಇರಲಿ, ಎಲ್ಲದರ ಬೆಳಕು ಬೆರೆತು ಒಂದೇ ಬಣ್ಣ. ಕಷಾಯದ ಹಾಗೆ. ಯಾವುದು ಎಷ್ಟಿತ್ತು ಅಂತ ಆಮೇಲೆ ಬೇರೆ ಮಾಡಿ ಹೇಳುವುದು ಕಷ್ಟ.

2005ರ ಕಾರ್ಟೋಸ್ಯಾಟ್-1 ಬರುವ ಹೊತ್ತಿಗೆ ಚುಕ್ಕೆ 2.5 ಮೀಟರಿಗೆ ಇಳಿಯಿತು. 2019ರ ಕಾರ್ಟೋಸ್ಯಾಟ್-3ರಲ್ಲಿ 25 ಸೆಂಟಿಮೀಟರ್, ಹೆಚ್ಚು ಕಡಿಮೆ ಒಂದು ಗೇಣು. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಉಪಗ್ರಹದ ಕೆಳಗೆ ನೆಲ ಸೆಕೆಂಡಿಗೆ ಸುಮಾರು 7 ಕಿ.ಮೀ. ವೇಗದಲ್ಲಿ ಹಿಂದಕ್ಕೆ ಹೋಗುತ್ತಿರುತ್ತದೆ. 2.5 ಮೀಟರಿಗೆ ಒಂದು ಸಾಲು ಅಂದರೆ ಸೆಕೆಂಡಿಗೆ 2,700 ಸಾಲು ಓದಬೇಕು. ಅಷ್ಟರಲ್ಲಿ ಉಪಗ್ರಹ ಚೂರು ಅಲುಗಿದರೆ? ಕೈ ಚಾಚಿ ಕಿರುಬೆರಳು ನೋಡಿ, ಅದರ ಅಗಲ ಸುಮಾರು ಒಂದು ಡಿಗ್ರಿ. ಅದನ್ನು 3,600 ಭಾಗ ಮಾಡಿ. ಅದರಲ್ಲಿ ಒಂದು ಭಾಗದಷ್ಟು ಅಲುಗಿದರೂ ಆರುನೂರು ಕಿ.ಮೀ. ಕೆಳಗೆ ನೆಲದ ಮೇಲೆ 3 ಮೀಟರ್ ವ್ಯತ್ಯಾಸ. ನಿಮ್ಮ ಮನೆಯ ಹಜಾರ ಅಡುಗೆಮನೆಗೆ ಹೋಗಿಬಿಟ್ಟಿತು.

ಅಲುಗದೆ ಇದ್ದರೂ ಇನ್ನೊಂದು ತೊಂದರೆ ಇದೆ. ಜೆರಾಕ್ಸ್ ಮೇಲಿನ ಕಾರ್ಡನ್ನು ಎಳೆಯುವ ಬೆರಳು ಇಲ್ಲಿಯೂ ಇದೆ. ಅದು ಭೂಮಿಯ ತಿರುಗಾಟ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹ 185 ಕಿ.ಮೀ. ಉದ್ದದ ಒಂದು ಚಿತ್ರ ಮುಗಿಸಲು ಇಪ್ಪತ್ತೇಳು ಸೆಕೆಂಡು ಹಿಡಿಯುತ್ತದೆ ಅಂತಿಟ್ಟುಕೊಳ್ಳಿ. ಅಷ್ಟರಲ್ಲಿ ನಾವಿರುವ ಅಕ್ಷಾಂಶದಲ್ಲಿ ನೆಲ ಸೆಕೆಂಡಿಗೆ 450 ಮೀಟರಿನಂತೆ ಪೂರ್ವಕ್ಕೆ ತಿರುಗಿರುತ್ತದೆ. ಮೊದಲ ಸಾಲಿಗೂ ಕೊನೆಯ ಸಾಲಿಗೂ 12 ಕಿ.ಮೀ. ಆಚೀಚೆ! ಚೌಕ ಇರಬೇಕಾದ ಚಿತ್ರ ತಳ್ಳಿದ ಇಸ್ಪೀಟ್ ಕಟ್ಟಿನ ಹಾಗೆ ಓರೆಯಾಗುತ್ತದೆ. ಅದನ್ನು ಲೆಕ್ಕ ಹಾಕಿ ಸರಿಮಾಡುತ್ತಾರೆ. ಹಾಗೆ ಸರಿಮಾಡಿ ಪಕ್ಕಪಕ್ಕ ಅಂಟಿಸಿದ ಚಿತ್ರಗಳನ್ನಷ್ಟೇ ನೋಡುವ ನಿಮಗೆ ಆ ಓರೆ ಕಾಣುವುದೇ ಇಲ್ಲ. ಅಂಚಿನಲ್ಲಿ ಓರೆ ಕಪ್ಪು ಪಟ್ಟಿ ಇರುವ ಚಿತ್ರ ಸಿಕ್ಕಿದರೆ ಗಮನಿಸಿ. ಉಪಗ್ರಹದ ಓರೆ ದಾರಿ, ಭೂಮಿಯ ತಿರುಗಾಟ ಎರಡೂ ಅದರಲ್ಲಿ ಸೇರಿವೆ.

ಹಳೆಯ ಲ್ಯಾಂಡ್‌ಸ್ಯಾಟ್‌ಗಳಲ್ಲಿ ಕಣ್ಣುಗಳ ಉದ್ದ ಸಾಲು ಇರಲಿಲ್ಲ. ಅಲ್ಲಿ ಒಂದು ಕನ್ನಡಿ ಎಡಕ್ಕೆ ಬಲಕ್ಕೆ ಆಡುತ್ತಿತ್ತು. ಗೋಡೆಗೆ ಸುಣ್ಣ ಬಳಿಯುವವರು ಬ್ರಷ್ಷನ್ನು ಆಚೀಚೆ ಆಡಿಸುತ್ತಾ ಪಕ್ಕಕ್ಕೆ ನಡೆಯುತ್ತಾರಲ್ಲ, ಹಾಗೆ. ನಡೆಯುತ್ತಾ ಆಡಿಸಿದರೆ ಬ್ರಷ್ಷಿನ ಗುರುತು ಅಂಕುಡೊಂಕಾಗುತ್ತದೆ, ತುದಿಗಳಲ್ಲಿ ಮೂಲೆ ಮೂಲೆ ಸುಣ್ಣ ತಾಗದೆ ಉಳಿಯುತ್ತದೆ. ಅದನ್ನು ತಡೆಯಲು ಲ್ಯಾಂಡ್‌ಸ್ಯಾಟ್ 7ರಲ್ಲಿ ಇನ್ನೊಂದು ಸಣ್ಣ ಕನ್ನಡಿ ಜೋಡಿ ಇತ್ತು. 2003ರ ಮೇ 31ರಂದು ಅದು ಕೆಟ್ಟಿತು. ಅಲ್ಲಿ ಹೋಗಿ ರಿಪೇರಿ ಮಾಡುವವರು ಯಾರು? ಅಂದಿನಿಂದ ಅದರ ಪ್ರತಿ ಚಿತ್ರದಲ್ಲಿ ಸುಮಾರು ಶೇಕಡಾ 22ರಷ್ಟು ಭಾಗ ಇರಲಿಲ್ಲ. ನಡುವೆ ಚೆನ್ನಾಗಿರುತ್ತಿತ್ತು, ಅಂಚಿಗೆ ಹೋದ ಹಾಗೆ ಕಪ್ಪು ಸೀಳುಗಳು ಅಗಲವಾಗುತ್ತಿದ್ದವು. ಆದರೂ ಎಸೆಯಲಿಲ್ಲ. ಬೇರೆ ದಿನದ ಚಿತ್ರದಿಂದ ತೇಪೆ ಹಾಕಿ ವರ್ಷಗಟ್ಟಲೆ ಬಳಸಿದರು. ಹಾಗಾಗಿ ಅಂಥ ಒಂದು ಚಿತ್ರದಲ್ಲಿ ಒಂದು ಗೆರೆ ಈ ತಿಂಗಳದ್ದು, ಪಕ್ಕದ ಗೆರೆ ಹಿಂದಿನ ತಿಂಗಳದ್ದು. ಹೊಲದ ಅರ್ಧದಲ್ಲಿ ಪೈರು, ಅರ್ಧದಲ್ಲಿ ಕೊಯ್ಲಾಗಿದೆ ಅಂತ ಕಂಡರೆ ಅದು ರೈತನ ಕೆಲಸವೇ ಆಗಬೇಕೆಂದಿಲ್ಲ.

ಇಲ್ಲಿಗೆ ಕರೆಂಟು ಹೋಯಿತು. ಕಾಣದ ಪರದೆಯ ಮುಂದೆ ಬಣ್ಣದ ಬಗ್ಗೆ ಮಾತಾಡಿದೆವು.

ಉಪಗ್ರಹದ ಬಣ್ಣವೂ ಒಂದೇ ಸಲಕ್ಕೆ ಬರುವುದಿಲ್ಲ. ನೀಲಿಗೆ ಒಂದು ಕಣ್ಣಿನ ಸಾಲು, ಹಸಿರಿಗೆ ಇನ್ನೊಂದು, ಕೆಂಪಿಗೆ ಮತ್ತೊಂದು. ಅವು ಪಕ್ಕಪಕ್ಕ ಇರುವುದರಿಂದ ಒಂದೇ ಜಾಗವನ್ನು ಸ್ವಲ್ಪ ಹಿಂದೆ ಮುಂದೆ ನೋಡುತ್ತವೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದಲ್ಲಿ ನೀಲಿಗೂ ಕೆಂಪಿಗೂ ಒಂದು ಸೆಕೆಂಡಿನಷ್ಟು ಅಂತರ. ಗುಡ್ಡ, ಕೆರೆ ಒಂದು ಸೆಕೆಂಡಿನಲ್ಲಿ ಎಲ್ಲಿಗೂ ಹೋಗುವುದಿಲ್ಲ, ಮೂರು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ವಿಮಾನ ಹೋಗುತ್ತದೆ. ಸೆಕೆಂಡಿಗೆ 200 ಮೀಟರ್ ಹಾರುವ ವಿಮಾನ ನೀಲಿಯಲ್ಲಿ ಒಂದು ಕಡೆ, ಕೆಂಪಿನಲ್ಲಿ ಇಪ್ಪತ್ತು ಚುಕ್ಕೆ ಆಚೆ. ಚಿತ್ರದಲ್ಲಿ ಒಂದೇ ವಿಮಾನ ನೀಲಿ, ಹಸಿರು, ಕೆಂಪು ಮೂರು ಹಕ್ಕಿಗಳಾಗಿ ಸಾಲಾಗಿ ಹೋಗುತ್ತಿರುತ್ತದೆ. ಇಂಥದ್ದನ್ನು ನೋಡಿ "ರಹಸ್ಯ ವಿಮಾನ" ಅಂತ ವಿಡಿಯೋ ಮಾಡಿದವರಿದ್ದಾರೆ. ಪಾಪ, ಅದರೊಳಗೆ ಯಾರೋ ದುಬೈಗೆ ಕೆಲಸಕ್ಕೆ ಹೊರಟವರು ಇರುತ್ತಾರೆ.

ಚಂದ್ರನೂ ಈ ಜಾಲದಲ್ಲಿ ಸಿಕ್ಕಿಬಿದ್ದಿದ್ದಾನೆ. ಡಿಸ್ಕವರ್ ಅಂತ ಒಂದು ಉಪಗ್ರಹ ಭೂಮಿಯಿಂದ ಸುಮಾರು 15 ಲಕ್ಷ ಕಿ.ಮೀ. ದೂರದಲ್ಲಿದೆ. ಅದು ಸಾಲು ಸಾಲಾಗಿ ಓದುವುದಿಲ್ಲ, ಇಡೀ ಭೂಮಿಯನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯುತ್ತದೆ. ಆದರೆ ಕಪ್ಪುಬಿಳುಪಿನಲ್ಲಿ, ಒಂದಾದ ಮೇಲೊಂದು ಬಣ್ಣ ಸೋಸುವ ಗಾಜು ಬದಲಿಸುತ್ತಾ. 2015ರ ಜುಲೈ 16ರಂದು ಚಂದ್ರ ಭೂಮಿಯ ಮುಂದೆ ಹಾದು ಹೋದ. ಒಂದು ಬಣ್ಣಕ್ಕೂ ಇನ್ನೊಂದಕ್ಕೂ ನಡುವೆ ಅರ್ಧ ನಿಮಿಷ. ಅಷ್ಟರಲ್ಲಿ ಅವನು ಚೂರು ಸರಿದಿದ್ದ. ಮೂರನ್ನೂ ಸೇರಿಸಿದಾಗ ಚಂದ್ರನ ಬಲ ಅಂಚಿನಲ್ಲಿ ತೆಳ್ಳಗೆ ಹಸಿರು ಗೆರೆ ಬಂತು, ಹೊಸ ಪಂಚೆಯ ಅಂಚಿನ ಹಾಗೆ. ಅದನ್ನು ನೋಡಿ ಚಿತ್ರವೇ ನಕಲಿ ಎಂದವರೂ ಇದ್ದರು. ನನಗೆ ಉಲ್ಟಾ ಅನಿಸುತ್ತದೆ. ಆ ಹಸಿರು ಗೆರೆಯೇ ಚಿತ್ರ ಅಸಲಿ ಅನ್ನುವುದಕ್ಕೆ ಸಾಕ್ಷಿ. ನಕಲಿ ಮಾಡುವವನು ಅಷ್ಟು ಹುಳುಕು ಬಿಡುತ್ತಾನಾ?

ಇನ್ನು ಕೆಂಪು ಕಾಡು. ಸರ್ಕಾರಿ ವರದಿಗಳಲ್ಲಿ ಮಲೆನಾಡೆಲ್ಲ ಕುಂಕುಮ ಚೆಲ್ಲಿದ ಹಾಗೆ ಇರುವ ಚಿತ್ರ ನೋಡಿರಬಹುದು. ಎಲೆ ಹಸಿರು ಬೆಳಕನ್ನು ಹಿಂದಕ್ಕೆ ಎಸೆಯುವುದು ಸ್ವಲ್ಪವೇ. ನಮ್ಮ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಮಾತ್ರ ಧಾರಾಳವಾಗಿ ಎಸೆಯುತ್ತದೆ. ಕ್ಯಾಮೆರಾಕ್ಕೆ ಅದು ಕಾಣುತ್ತದೆ. ಆದರೆ ಪರದೆಯ ಮೇಲೆ ತೋರಿಸುವುದಕ್ಕೆ ಕಾಣದ ಬಣ್ಣಕ್ಕೆ ಬಣ್ಣ ಎಲ್ಲಿದೆ? ಅದಕ್ಕೆ ಎಲ್ಲರನ್ನೂ ಒಂದೊಂದು ಕುರ್ಚಿ ಸರಿಸಿ ಕೂರಿಸುತ್ತಾರೆ. ಅವಕೆಂಪು ಬಂದು ಕೆಂಪಿನ ಕುರ್ಚಿಯಲ್ಲಿ, ಕೆಂಪು ಹಸಿರಿನಲ್ಲಿ, ಹಸಿರು ನೀಲಿಯಲ್ಲಿ. ನೀಲಿಗೆ ಕುರ್ಚಿ ಇಲ್ಲ, ಹೊರಗೆ. ಹೆಚ್ಚು ಸೊಂಪಾದ ಎಲೆ, ಹೆಚ್ಚು ಕೆಂಪು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದರಿಂದ ಮರ್ಯಾದೆ ಹೋಗಿತ್ತು. ಬೆಂಗಳೂರಿನ ಆಚೆಯ ಕೆರೆಗಳ ಪಟ್ಟಿ ಮಾಡುವ ಕೆಲಸ ಕೊಟ್ಟಿದ್ದರು. ನೀರು ಅವಕೆಂಪನ್ನು ನುಂಗುತ್ತದೆ, ಆದ್ದರಿಂದ ಕೆರೆ ಕಪ್ಪಾಗಿ ಕಾಣಬೇಕು. ಒಂದು ಕಡೆ ಕಡುಕೆಂಪು ಇತ್ತು. ಒಳ್ಳೆಯ ನೀರಾವರಿ ಬೆಳೆ ಅಂತ ಬರೆದೆ. ನಮ್ಮ ಮೇಲಿನವರು ಏನೂ ಹೇಳದೆ ಮಾರನೇ ದಿನ ಜೀಪಿನಲ್ಲಿ ಕರೆದುಕೊಂಡು ಹೋಗಿ ನಿಲ್ಲಿಸಿದರು. ಎದುರಿಗೆ ಕೆರೆ. ಒಂದು ಅಂಗೈ ನೀರೂ ಕಾಣದ ಹಾಗೆ ತುಂಬಾ ಅಂತರಗಂಗೆ. ಊರಿನ ಕೊಚ್ಚೆಯೆಲ್ಲ ಕುಡಿದು ಎಷ್ಟು ಚೆನ್ನಾಗಿ ಬೆಳೆದಿತ್ತು! ನನ್ನ ಚಿತ್ರ ಸುಳ್ಳು ಹೇಳಿರಲಿಲ್ಲ, ಸೊಂಪಾದ ಎಲೆ ಇದೆ ಅಂದಿತ್ತು. ಬೆಳೆ ಅಂದವನು ನಾನು.

ಇದೇ ತಮಾಷೆ ದೊಡ್ಡ ಮಟ್ಟದಲ್ಲಿಯೂ ಆಗುತ್ತದೆ. ಭಾರತೀಯ ಅರಣ್ಯ ಸರ್ವೇಕ್ಷಣೆಯ ವರದಿಯಲ್ಲಿ ಒಂದು ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಜಾಗದಲ್ಲಿ ಮರದ ನೆತ್ತಿಗಳು ಶೇಕಡಾ 10ರಷ್ಟು ನೆಲ ಮುಚ್ಚಿದ್ದರೆ ಅದು 'ಅರಣ್ಯ ಹೊದಿಕೆ'. ಮಾಲೀಕರು ಯಾರು, ಯಾವ ಮರ ಅನ್ನುವುದು ಲೆಕ್ಕಕ್ಕಿಲ್ಲ. ಕೊಡಗಿನಲ್ಲಿ ನೆರಳು ಮರದ ಕೆಳಗಿನ ಕಾಫಿ ತೋಟ ಈ ಲೆಕ್ಕದಲ್ಲಿ ಕಾಡಿನ ಜೊತೆ ಸೇರಿಕೊಳ್ಳುತ್ತದೆ. ವರದಿಯವರು ವ್ಯಾಖ್ಯೆಯನ್ನು ಮುಚ್ಚಿಟ್ಟಿಲ್ಲ, ಅಲ್ಲೇ ಬರೆದಿದ್ದಾರೆ. ಪೇಪರಿನ ತಲೆಬರಹಕ್ಕೆ ಬರುವ ಹೊತ್ತಿಗೆ ಅದು 'ಕಾಡು' ಆಗಿರುತ್ತದೆ. ಚಿತ್ರ ವಕ್ರವಾಗುವುದು ಕ್ಯಾಮೆರಾದಲ್ಲಿ ಮಾತ್ರ ಅಂದುಕೊಳ್ಳಬೇಡಿ.

ಕರೆಂಟು ಬಂತು. ಈಗ ಬೇಲಿಗೆ ವಾಪಸ್ ಹೋಗೋಣ.

ಉಪಗ್ರಹ ಯಾವಾಗಲೂ ನಮ್ಮ ನೆತ್ತಿಯ ಮೇಲೇ ಬರುವುದಿಲ್ಲ. ಪಕ್ಕದಲ್ಲಿ ಹೋಗುತ್ತಾ ಕತ್ತು ಓರೆ ಮಾಡಿ ನೋಡುತ್ತದೆ. ಓರೆಯಾಗಿ ನೋಡಿದರೆ ಎತ್ತರ ಇರುವುದೆಲ್ಲ ವಾಲುತ್ತದೆ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟುಗಳನ್ನು ಫೋನಿನಲ್ಲಿ ನೋಡಿ. ಗೋಡೆಯೂ ಕಾಣುತ್ತದೆ, ತಾರಸಿಯೂ ಕಾಣುತ್ತದೆ. ಎರಡು ಬೇರೆ ದಿನದ ಚಿತ್ರ ಸೇರುವ ಕಡೆಯಲ್ಲಿ ಒಂದು ಕಟ್ಟಡ ಎಡಕ್ಕೆ, ಇನ್ನೊಂದು ಬಲಕ್ಕೆ ವಾಲಿ, ಗುಟ್ಟು ಹೇಳಿಕೊಳ್ಳುವ ಹೆಂಗಸರ ಹಾಗೆ ತಲೆ ಹತ್ತಿರ ತಂದಿರುತ್ತವೆ.

ಗುಡ್ಡವೂ ಹಾಗೇ ವಾಲುತ್ತದೆ. ಆದರೆ ಗುಡ್ಡ ವಾಲಿದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ಅದರ ಮೇಲಿರುವ ವಸ್ತುಗಳೆಲ್ಲ ಉಪಗ್ರಹದಿಂದ ದೂರದ ಕಡೆಗೆ ಜಾರುತ್ತವೆ. ಇದನ್ನು ಸರಿಮಾಡಬೇಕಾದರೆ ಪ್ರತಿ ಜಾಗದ ಎತ್ತರ ಗೊತ್ತಿರಬೇಕು. ಎತ್ತರದ ಕೋಷ್ಟಕ ಎಲ್ಲಿಂದ? 2000ದ ಫೆಬ್ರವರಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಎಂಡೆವರ್ ರೇಡಾರ್ ಹೊತ್ತು ಹನ್ನೊಂದು ದಿನ ಸುತ್ತಿ ಭೂಮಿಯ ಬಹುಭಾಗದ ಎತ್ತರ ಅಳೆಯಿತು. ಕಾರ್ಟೋಸ್ಯಾಟ್-1 ಇನ್ನೂ ಚಂದದ ಉಪಾಯ ಮಾಡಿತು. ಎರಡು ಕ್ಯಾಮೆರಾ, ಒಂದು 26 ಡಿಗ್ರಿ ಮುಂದಕ್ಕೆ, ಇನ್ನೊಂದು 5 ಡಿಗ್ರಿ ಹಿಂದಕ್ಕೆ. ಒಂದೇ ಗುಡ್ಡ ಎರಡರಲ್ಲಿ ಎಷ್ಟೆಷ್ಟು ವಾಲಿದೆ ನೋಡಿ ಅದರ ಎತ್ತರ ಕಂಡುಹಿಡಿಯುವುದು. ಯಾವುದು ಒಬ್ಬರಿಗೆ ಕಸವೋ ಅದೇ ಇನ್ನೊಬ್ಬರಿಗೆ ಗೊಬ್ಬರ.

ಈ ಎತ್ತರದ ಕೋಷ್ಟಕಗಳಿಗೂ ಒಂದು ದೌರ್ಬಲ್ಯ ಇದೆ. ಮೂವತ್ತು ಮೀಟರಿಗೋ ತೊಂಬತ್ತು ಮೀಟರಿಗೋ ಒಂದು ಎತ್ತರ ಬರೆದಿರುತ್ತಾರೆ. ಚೂಪಾದ ನೆತ್ತಿ ಸವರಿ ಹೋಗುತ್ತದೆ, ಕಿರಿದಾದ ಕಣಿವೆ ತುಂಬಿಕೊಳ್ಳುತ್ತದೆ. ದಟ್ಟ ತೋಟವಿದ್ದರೆ ರೇಡಾರ್ ನೆಲದ ತನಕ ಇಳಿಯದೆ ಸೋಗೆಯ ಹತ್ತಿರದಿಂದಲೇ ವಾಪಸ್ ಬಂದಿರುತ್ತದೆ. ಸೇತುವೆ ಇದ್ದ ಕಡೆ ಕೋಷ್ಟಕದಲ್ಲಿ ಬರೀ ಕಣಿವೆ ಇದ್ದರೆ, ಮೇಲೆ ಹೊದಿಸಿದ ಚಿತ್ರದಲ್ಲಿ ಸೇತುವೆ ಕರಗಿದ ಬೆಲ್ಲದ ಹಾಗೆ ಕೆಳಗೆ ಜೋತು ಬೀಳುತ್ತದೆ.

ಭಾವನ ಗುಡ್ಡದ ನೆತ್ತಿ ಕೋಷ್ಟಕದಲ್ಲಿ 15 ಮೀಟರ್ ಕಡಿಮೆ ಇದೆ ಅಂತಿಟ್ಟುಕೊಳ್ಳಿ. ಹಳೆಯ ಚಿತ್ರ ತೆಗೆದಾಗ ಉಪಗ್ರಹ ಪೂರ್ವದಲ್ಲಿತ್ತು, 15 ಡಿಗ್ರಿ ಓರೆ. ಬೇಲಿ ನಾಲ್ಕು ಮೀಟರ್ ಪಶ್ಚಿಮಕ್ಕೆ ಜಾರಿ ಕಾಣುತ್ತದೆ. ಹೊಸದು ತೆಗೆದಾಗ ಪಶ್ಚಿಮದಲ್ಲಿತ್ತು, 20 ಡಿಗ್ರಿ ಓರೆ. ಬೇಲಿ ಐದೂವರೆ ಮೀಟರ್ ಪೂರ್ವಕ್ಕೆ. ಎರಡನ್ನೂ ಕೂಡಿಸಿ. ಒಂಬತ್ತೂವರೆ.

ಇಷ್ಟೆಲ್ಲ ಲೆಕ್ಕ ಅವತ್ತು ಪಕ್ಕದ ಮನೆಯ ಜಗಲಿಯಲ್ಲಿ ಹೇಳಲಿಲ್ಲ, ಹೇಳಿದ್ದರೆ ಕಾಫಿಯೂ ಸಿಗುತ್ತಿರಲಿಲ್ಲ. ಆ ಹುಡುಗನನ್ನು ಕರೆದು ಒಂದೇ ಪ್ರಶ್ನೆ ಕೇಳಿದೆ. "ತಮಾ, ಗುಡ್ಡದ ಮೇಲೆ ನಿಮ್ಮದೇ ನೀರಿನ ಟ್ಯಾಂಕ್ ಇದೆಯಲ್ಲ, ಸಿಮೆಂಟಿನದು. ಅದಕ್ಕೂ ಒಂದು ಗೆರೆ ಎಳೆದು ನೋಡು." ಎಳೆದ. ಹಳೆಯದರಿಂದ ಹೊಸದಕ್ಕೆ ಟ್ಯಾಂಕೂ ಒಂಬತ್ತೂವರೆ ಮೀಟರ್ ಪೂರ್ವಕ್ಕೆ ಹೋಗಿತ್ತು. ಹತ್ತು ಸಾವಿರ ಲೀಟರ್ ನೀರಿನ ಟ್ಯಾಂಕ್! ಹುಡುಗ ಬುದ್ಧಿವಂತ. ತಲೆ ಎತ್ತಿ ನನ್ನ ನೋಡಿದ, ಫೋನ್ ಕೆಳಗಿಟ್ಟ.

ಇಂಥ ಜಾರುವಿಕೆ ತಪ್ಪಿಸಲು ನೆಲದ ಮೇಲೆ ಗುರುತು ಹಿಡಿಯುತ್ತಾರೆ. ಚಿತ್ರದಲ್ಲೂ ಸ್ಪಷ್ಟ ಕಾಣಬೇಕು, ನೆಲದಲ್ಲೂ ಕದಲಬಾರದು. ಕೆರೆಯ ಕೋಡಿ, ಏರಿಯ ಮೂಲೆ, ರಸ್ತೆ ಕೂಡುವ ಜಾಗ. ಅಲ್ಲಿಗೆ ಹೋಗಿ ಜಿಪಿಎಸ್ ಉಪಕರಣ ನಿಲ್ಲಿಸಿ ಗಂಟೆಗಟ್ಟಲೆ ಕಾಯಬೇಕು. ನಾನು ಮೂರು ಬೇಸಿಗೆ ಈ ಕೆಲಸ ಮಾಡಿದ್ದೇನೆ. ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿದರೆ ಸಾಕು, ಜನ ಸೇರುತ್ತಾರೆ. ಎಲ್ಲ ಊರಿನಲ್ಲೂ ಒಂದೇ ಪ್ರಶ್ನೆ: "ರಸ್ತೆ ಅಗಲ ಮಾಡ್ತೀರಾ ಸಾರ್?" ಇಲ್ಲ ಅಂದರೆ ನಂಬುವುದಿಲ್ಲ. ಒಂದು ಕಡೆ ಅಂಗಡಿಯ ಅಜ್ಜ ನನಗೆ ಮಜ್ಜಿಗೆ ಕೊಟ್ಟು, "ನಮ್ಮ ಅಂಗಡಿ ಉಳಿಯೋ ಹಾಗೆ ನೋಡ್ಕಳಿ" ಅಂದಿದ್ದರು. ಅವರ ಅಂಗಡಿಯ ಮೂಲೆ ಇವತ್ತಿಗೂ ನನಗೆ ಸೆಂಟಿಮೀಟರ್ ಲೆಕ್ಕದಲ್ಲಿ ನೆನಪಿದೆ.

ಈಗ ಎಲ್ಲರೂ ಫೋನ್ ತೆಗೆಯಿರಿ ಅಂದೆ. ಜೋಗದ ಕೆಳಗಿನ ಶರಾವತಿ ಕಣಿವೆಯ ಚಳಿಗಾಲದ ಚಿತ್ರವೊಂದನ್ನು ಎಲ್ಲರಿಗೂ ಕಳಿಸಿದ್ದೆ. "ಹೊಳೆ ಎಲ್ಲಿದೆ?" ಅರ್ಧ ಜನ ಹೊಳೆ ಗುಡ್ಡದ ಏಣಿನ ಮೇಲೆ ಹರಿಯುತ್ತಿದೆ ಅಂದರು! ಈಗ ಫೋನನ್ನು ತಲೆಕೆಳಗು ಮಾಡಿ ಅಂದೆ. ಸಭೆಯಲ್ಲಿ "ಓ" ಅಂತ ಒಂದು ಸದ್ದು ಬಂತು. ಏಣು ಇದ್ದದ್ದು ಕಣಿವೆಯಾಯಿತು.

ಇಲ್ಲಿ ಕ್ಯಾಮೆರಾದ ತಪ್ಪೇನೂ ಇಲ್ಲ. ಭೂಮಿಯ ಚಿತ್ರ ತೆಗೆಯುವ ಇಂಥ ಉಪಗ್ರಹಗಳು ಬಹಳಷ್ಟು ಬೆಳಿಗ್ಗೆ ಹತ್ತು, ಹತ್ತೂವರೆಯ ಸುಮಾರಿಗೇ ಹಾದು ಹೋಗುತ್ತವೆ. ನಮ್ಮಲ್ಲಿ ಚಳಿಗಾಲದಲ್ಲಿ ಆ ಹೊತ್ತಿಗೆ ಸೂರ್ಯ ಆಗ್ನೇಯದಲ್ಲಿ. ಉತ್ತರ ಮೇಲಿಟ್ಟ ಚಿತ್ರದಲ್ಲಿ ಬೆಳಕು ಕೆಳಗಿನಿಂದ ಬಂದ ಹಾಗಾಗುತ್ತದೆ. ನಮ್ಮ ಮಿದುಳಿಗೆ ಬೆಳಕು ಮೇಲಿಂದಲೇ ಬರಬೇಕು. ಅದು ನೆರಳನ್ನು ನೋಡಿ ತಗ್ಗು ದಿಬ್ಬ ತಿರುಗುಮುರುಗು ಮಾಡಿಬಿಡುತ್ತದೆ. ಸಾವಿರಾರು ಕೋಟಿ ಖರ್ಚು ಮಾಡಿ ಎಲ್ಲ ವಕ್ರ ಸರಿಮಾಡಿದರೂ ಕೊನೆಯ ವಕ್ರ ನಮ್ಮ ತಲೆಯೊಳಗೇ ಕೂತಿರುತ್ತದೆ.

ಆ ಹತ್ತೂವರೆಯಿಂದ ಇನ್ನೊಂದು ವಿಚಿತ್ರ. ಉಪಗ್ರಹ ಚಿತ್ರದಲ್ಲಿ ನಮ್ಮ ಊರಿಗೆ ಸಂಜೆಯೇ ಇಲ್ಲ. ಮಳೆಗಾಲವೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಮೇಲೆ ಮೋಡ ಕೂತಿರುತ್ತದೆ. ಮೋಡ ಇಲ್ಲದ ಚಿತ್ರಗಳನ್ನೇ ಆರಿಸಿ ಹೊಲಿದು ನಕ್ಷೆ ಮಾಡುತ್ತಾರೆ. ಹಾಗಾಗಿ ಆಗುಂಬೆ ಅಂತ ಹುಡುಕಿದರೆ ಕಾಣುವುದು ಡಿಸೆಂಬರಿಂದ ಮಾರ್ಚ್ ನಡುವಿನ ಯಾವುದೋ ಒಣ ಬೆಳಗು. ಮಳೆಗೇ ಹೆಸರಾದ ಊರು ನಕ್ಷೆಯಲ್ಲಿ ಒಂದು ದಿನವೂ ನೆನೆದಿಲ್ಲ. ಗುಡ್ಡ ಕುಸಿಯುವ, ಹೊಳೆ ಉಕ್ಕುವ ದಿನಗಳಲ್ಲೇ ಈ ಕಣ್ಣು ಕುರುಡು. ಆಗ ಬೇಕಾಗುವುದು ರೇಡಾರ್ ಉಪಗ್ರಹ. 2012ರ ರಿಸ್ಯಾಟ್-1, 2025ರ ಜುಲೈ 30ರಂದು ಹಾರಿದ ನಿಸಾರ್ ಅಂಥವು. ಅವು ಮೋಡ ತೂರಿ ನೋಡುತ್ತವೆ. ಅವುಗಳ ವಕ್ರ ಬೇರೆಯೇ ತರಹ. ಅವು ದೂರವನ್ನು ಪ್ರತಿಧ್ವನಿ ಬರುವ ಸಮಯದಿಂದ ಅಳೆಯುತ್ತವೆ. ಕಡಿದಾದ ಗುಡ್ಡದ ತುದಿಯ ಪ್ರತಿಧ್ವನಿ ಬುಡಕ್ಕಿಂತ ಮೊದಲೇ ಬಂದುಬಿಟ್ಟರೆ, ಚಿತ್ರದಲ್ಲಿ ತುದಿ ಬುಡದ ಈಚೆ ಬಂದು ಬಗ್ಗಿ ಬೀಳುತ್ತದೆ. ಅದರ ಬಗ್ಗೆ ಇನ್ನೊಂದು ಭಾನುವಾರ ಬೇಕು.

ಟಿವಿಯಲ್ಲಿ ಬರುವ ಮೋಡದ ಚಿತ್ರದ ಬಗ್ಗೆ ಒಬ್ಬ ತಾಯಿ ಕೇಳಿದರು. ಅದು 36,000 ಕಿ.ಮೀ. ಎತ್ತರದ ಇನ್ಸಾಟ್ ಉಪಗ್ರಹಗಳದ್ದು. ಅವುಗಳ ಲಗಾಮು ನಮ್ಮ ಹಾಸನದ ಕೇಂದ್ರದಲ್ಲಿದೆ. ಇನ್ಸಾಟ್-3ಡಿ ಬಗೆಯ ಉಪಗ್ರಹ ಭೂಮಿಯ ಪೂರ್ತಿ ಮುಖ ಗೀಚಿ ಮುಗಿಸಲು ಸುಮಾರು 26 ನಿಮಿಷ ತೆಗೆದುಕೊಳ್ಳುತ್ತದೆ. ಅಲ್ಲಿ ಕೆಂಪು, ನೇರಳೆ ಅಂತ ಕಾಣುವುದು ಮಳೆಯ ಬಣ್ಣ ಅಲ್ಲ. ಮೋಡದ ನೆತ್ತಿ ಎಷ್ಟು ತಣ್ಣಗಿದೆ ಅನ್ನುವುದಕ್ಕೆ ಹಚ್ಚಿದ ಬಣ್ಣ. ರಾಜ್ಯದ ಗಡಿಗೆರೆ ಕೂಡ ಆಮೇಲೆ ಎಳೆದದ್ದೇ.

ಹಿಂದಿನ ಸಾಲಿನಲ್ಲಿದ್ದ ಒಬ್ಬ ಮೇಷ್ಟ್ರು ಎದ್ದು, "ಹಾಗಾದರೆ ಎಲ್ಲ ಸುಳ್ಳೇ ಅಂತಾಯ್ತಲ್ಲ?" ಅಂದರು. ಇಲ್ಲ ಮೇಷ್ಟ್ರೇ. ಸುಳ್ಳು ಬೇರೆ, ಓರೆ ಬೇರೆ. ಸುಳ್ಳಿಗೆ ಉದಾಹರಣೆ ಬೇಕಾದರೆ, ಪ್ರತಿ ದೀಪಾವಳಿಗೆ ವಾಟ್ಸಾಪಿನಲ್ಲಿ ಬರುವ 'ಬಾಹ್ಯಾಕಾಶದಿಂದ ಕಂಡ ದೀಪಾವಳಿ'. ಅದು ಒಂದು ರಾತ್ರಿಯ ಚಿತ್ರವೇ ಅಲ್ಲ. ಅಮೆರಿಕದ ಹವಾಮಾನ ಉಪಗ್ರಹಗಳ ಹಲವು ವರ್ಷಗಳ ಚಿತ್ರ ಸೇರಿಸಿ, ಊರುಗಳ ಬೆಳಕು ಹೇಗೆ ಹಬ್ಬಿತು ಅಂತ ತೋರಿಸಲು ಮಾಡಿದ ನಕ್ಷೆ. ಮೊದಲಿಂದ ಇದ್ದ ಬೆಳಕಿಗೆ ಬಿಳಿ, 1992ರದ್ದಕ್ಕೆ ನೀಲಿ, 1998ಕ್ಕೆ ಹಸಿರು, 2003ಕ್ಕೆ ಕೆಂಪು. 2012ರಲ್ಲಿ ನಾಸಾದವರು ಹಬ್ಬದ ಹೊತ್ತಿನ ನಿಜವಾದ ರಾತ್ರಿ ಚಿತ್ರ ಹಾಕಿ ತೋರಿಸಿದರು, ನಮ್ಮ ಹಣತೆ ಪಟಾಕಿಗಳಿಂದ ಅಲ್ಲಿಗೆ ಹೆಚ್ಚುಕಡಿಮೆ ಏನೂ ಕಾಣುವುದಿಲ್ಲ ಅಂತ. ಆದರೂ ಚಿತ್ರ ನಿಂತಿಲ್ಲ. ನಮ್ಮ ಮನೆಯ ಗ್ರೂಪಿಗೆ ಹೋದ ಸಲವೂ ಬಂತು. ಕಳಿಸಿದವರು ಇದೇ ಭಾವ.

ಬೇಲಿ ಏನಾಯ್ತು ಅಂತ ಕೊನೆಗೆ ಎಲ್ಲರೂ ಕೇಳಿದರು. ಸರ್ವೆಯವರು ಬಂದು ಅಳೆದು ಹೋದರು. ಬೇಲಿ ಇದ್ದಲ್ಲೇ ಇದೆ. ಆದರೆ ಅಳೆಯುವಾಗ ಬೇಲಿಯ ಸಾಲಿನಲ್ಲಿ ಒಂದು ಹಲಸಿನ ಮರ ಸರಿಯಾಗಿ ಗಡಿಯ ಮೇಲೇ ನಿಂತಿರುವುದು ಗೊತ್ತಾಯಿತು. ಒಳ್ಳೆಯ ಬಕ್ಕೆ ಹಲಸು. ಇಷ್ಟು ವರ್ಷ ಎರಡೂ ಮನೆಯವರು ಕೊಯ್ದು ತಿಂತಿದ್ದರು. ಈಗ ಅದು ಯಾರದ್ದು ಅಂತ ಶುರುವಾಗಿದೆ. ಭಾವ ಮತ್ತೆ ಫೋನ್ ಮಾಡಿದ್ದರು. ನಾನು ಎತ್ತಲಿಲ್ಲ.